ಆ ಬಕೆಟ್ ಇರ್ಲಿ ಬಿಡ್ರೀ

ಬೆಳಗ್ಗೆ ಆರಕ್ಕೆ ಕೆ.ಆರ್. ಮಾರ್ಕೆಟ್‌ಗೆ ಹೂವಿಗೆ ಹೋಗಿದ್ದೆ. ಭಾನುವಾರ ಅನ್ನೋದೇ ಮರೆತುಹೋಗಿತ್ತು. ಭಾನುವಾರ ಅಲ್ಲಿ ಸೇವಂತಿಗೆಗಿಂತ ಲೆನ್ಸೇ ಜಾಸ್ತಿ. ಮೇಲಿನ ಮಹಡಿಯಿಂದ ಬಗ್ಗಿ ಹೂವಿನ ರಾಶಿ ಕ್ಲಿಕ್ಕಿಸೋರ ಬಗ್ಗೆ ನನ್ನ ತಕರಾರಿಲ್ಲ. ಪಾಪ, ಯಾರಿಗೂ ಅಡ್ಡ ಬರಲ್ಲ.

ತಕರಾರು ಕೆಳಗೆ ಕೂತಿದ್ದವನ ಮೇಲೆ. ನಾನು ಯಾವಾಗಲೂ ಕನಕಾಂಬರ ತಗೊಳ್ಳೋ ಅಕ್ಕನ ಮುಂದೆ ಕುಕ್ಕರಗಾಲಲ್ಲಿ ಕೂತು, 'ಅಮ್ಮಾ, ಆ ನೀಲಿ ಬಕೆಟ್ ಸ್ವಲ್ಪ ಆಚೆ ಇಡ್ತೀರಾ?' ಅಂದ. ಇಟ್ಟರು. ಆಮೇಲೆ ಕ್ಯೂಆರ್ ಬೋರ್ಡು ಮಗುಚಿ ಇಡಿ ಅಂದ. ಆಮೇಲೆ ಮೊಬೈಲು. ಕೊನೆಗೆ 'ಈಗ ನ್ಯಾಚುರಲ್ ಆಗಿ ಕೆಲಸ ಮಾಡಿ' ಅಂತ ಅಪ್ಪಣೆ!

ಎಲ್ಲಿಂದ ಮಾಡ್ತಾರೆ ಮಾರಾಯ? ನೆನೆಹಾಕಿದ ಬಾಳೆನಾರು ಇದ್ದಿದ್ದೇ ಆ ಬಕೆಟ್‌ನಲ್ಲಿ. ಒಣ ನಾರಲ್ಲಿ ಹೂ ಕಟ್ಟೋಕೆ ಹೋದರೆ ಪಟ್ ಅಂತ ಹರಿಯುತ್ತೆ. ತಡೀಲಾರದೆ ಕೇಳಿಯೇಬಿಟ್ಟೆ. 'ಟೈಮ್‌ಲೆಸ್ ಫೀಲ್ ಬೇಕು ಸರ್' ಅಂದ. ಟೈಮ್‌ಲೆಸ್ಸಂತೆ! ಅಷ್ಟರಲ್ಲಿ ಇಬ್ಬರು ಗಿರಾಕಿ ಪಕ್ಕದ ಅಂಗಡಿಗೆ ಹೋಗಿಯಾಗಿತ್ತು.

ಗೊತ್ತು, ಈಗ ನಮ್ಮ ಕ್ಯಾಮೆರಾ ಗೆಳೆಯರು ಕಾಮೆಂಟಿಗೆ ಬರ್ತಾರೆ. ಕಲೆ ಅಂದ್ರೆ ಆಯ್ಕೆ, ಯಾವುದನ್ನು ಫ್ರೇಮಿಂದ ಆಚೆ ಬಿಡಬೇಕು ಅನ್ನೋದೇ ಕಲೆ, ಇತ್ಯಾದಿ. ಬಿಡ್ರೀ, ಯಾರು ಬೇಡ ಅಂದ್ರು? ನೀವು ಎರಡು ಹೆಜ್ಜೆ ಪಕ್ಕಕ್ಕೆ ಸರೀರಿ. ಅಕ್ಕನ ಬಕೆಟ್ ಯಾಕೆ ಸರೀಬೇಕು? ಪತ್ರಕರ್ತ ಪಿ. ಸಾಯಿನಾಥ್ 1993ರಿಂದ 2002ರವರೆಗೆ ಹತ್ತು ರಾಜ್ಯಗಳಲ್ಲಿ ಹಳ್ಳಿ ಹೆಣ್ಣುಮಕ್ಕಳ ದುಡಿಮೆಯ ಫೋಟೊ ತೆಗೆದರು. ಆ ಫೋಟೊಗಳ ಪ್ರದರ್ಶನ ಹಳ್ಳಿ ಬದುಕಿನ ವರದಿಗಳ 'ಪರಿ' ವೆಬ್‌ಸೈಟಲ್ಲಿ ಪುಕ್ಕಟೆ ಸಿಗುತ್ತೆ, ನೋಡಿ. ಅಲ್ಲಿ ಕಣ್ಣಿಗೆ ಬೀಳೋದೇ ಕೆಲಸ. ನಮ್ಮವರಿಗೆ ಸುಕ್ಕು ಬೇಕು, ಕುಂಕುಮ ಬೇಕು, ಹಿಂದೆ ಒಂಚೂರು ಹೊಗೆ ಬೇಕು. ಹೊಟ್ಟೆಪಾಡಿನ ಸಾಮಾನು ಮಾತ್ರ ಬೇಡ. ಕಪ್ಪು-ಬಿಳುಪು ಮಾಡಿ ಹಾಕಿದರಂತೂ ಯಾವ ಶತಮಾನ ಅಂತ ಅಕ್ಕನಿಗೇ ಅನುಮಾನ ಬರಬೇಕು.

ಇಷ್ಟು ಉರೀತಿರೋದು ಯಾಕೆ ಅಂತಲೂ ಹೇಳಿಬಿಡ್ತೀನಿ, ಇಲ್ಲಾಂದ್ರೆ ರಾತ್ರಿ ನಿದ್ದೆ ಬರಲ್ಲ. ನನ್ನ ಹಳೇ ಕ್ಯಾಮೆರಾ ಹುಚ್ಚು ನಿಮಗೆಲ್ಲ ಗೊತ್ತಲ್ಲ. ಆಗ ಚನ್ನಪಟ್ಟಣದ ಕಡೆ ಒಬ್ಬ ಕುಂಬಾರ ತಾತನ ಮನೆಗೆ ಹೋಗಿದ್ದೆ. ತಾತ ಕರೆಂಟಿನ ತಿಗರಿಯಲ್ಲಿ ಆರಾಮಾಗಿ ಹಣತೆ ಮಾಡ್ತಿದ್ರು. ಖಾದಿ ಆಯೋಗ 2018ರಿಂದ ಹಂಚ್ತಾ ಇದೆಯಲ್ಲ, ಅಂಥದ್ದು. ನನಗೆ ಆ ವೈರು, ಪ್ಲಗ್ಗು ಹಿಡಿಸಲಿಲ್ಲ. 'ಹಳೇ ತಿಗರಿ ಇಲ್ವಾ ತಾತ?' ಅಂದೆ. ಮನೆಗೆ ಬಂದವನು ಕೇಳಿದ್ದಕ್ಕೆ ಇಲ್ಲ ಅನ್ನೋಕಾಗದೆ, ಹಿತ್ತಲಲ್ಲಿ ಬಿದ್ದಿದ್ದನ್ನು ಮೊಮ್ಮಗನ ಕೈಲಿ ಎತ್ತಿಸಿ ತಂದು ಕೂರಿಸಿ, ಕೋಲು ಹಾಕಿ ಅರ್ಧ ಗಂಟೆ ತಿರುಗಿಸಿದರು. ಅಂಗಿ ತೆಗೀರಿ ಅಂತಲೂ ಹೇಳಿದ್ದೆ. ಹೌದು, ನಾನೇ.

ಭುಜ ನೋವು ಅಂತ ಎರಡು ದಿನ ಮಲಗಿದ್ರಂತೆ. ಮೊಮ್ಮಗ ಆಮೇಲೆ ಯಾವತ್ತೋ ಫೋನಲ್ಲಿ, ದೂರೋ ಹಾಗೂ ಅಲ್ಲ, ಸುಮ್ಮನೆ ಮಾತಿಗೆ ಮಾತು ಅಂತ ಹೇಳಿದ.

ಆ ಫೋಟೊಗೆ ಎರಡನೇ ಬಹುಮಾನ ಬಂತು. ಹಾಲ್‌ನ ಗೋಡೆ ಮೇಲಿದೆ, ಮನೆಗೆ ಬಂದವರೆಲ್ಲ ಹೊಗಳ್ತೀರಿ. ತಾತ ಕರೆಂಟ್ ತಿಗರಿ ಮುಂದೆ ಕೂತಿರೋ ಫೋಟೊ ಒಂದಾದರೂ ಇದೆಯಾ ಅಂತ ಇವತ್ತು ಮಧ್ಯಾಹ್ನ ಹಳೇ ಹಾರ್ಡ್‌ಡಿಸ್ಕೆಲ್ಲ ತಡಕಾಡಿದೆ. ಒಂದೂ ಇಲ್ಲ.