ಒಳ್ಳೆ ಪ್ರಶ್ನೆ ಪುಟ್ಟಿ, ಬರ್ಕೊಂಡಿದೀವಿ

ಹೋದ ತಿಂಗಳು ಊರಿಗೆ ಹೋದಾಗ ಹೊಲದಲ್ಲಿ ಜೇಸಿಬಿ ನಿಂತಿತ್ತು. ಅಪ್ಪ ನೀಲಗಿರಿ ಬೊಡ್ಡೆ ಕೀಳಿಸುತ್ತಿದ್ದರು. ಒಂದೊಂದು ಬೊಡ್ಡೆಯೂ ಬೀಸೋಕಲ್ಲಿನಷ್ಟು ಅಗಲ, ಬೇರು ಎಳೆದಷ್ಟೂ ಬರುತ್ತಲೇ ಇತ್ತು. ಜೇಸಿಬಿಗೆ ಗಂಟೆ ಲೆಕ್ಕದಲ್ಲಿ ದುಡ್ಡು. ಅದು ಒಂದೇ ಬೊಡ್ಡೆ ಹಿಡಿದು ಗುದ್ದಾಡುತ್ತಿದ್ದರೆ ಅಪ್ಪ ಸುಮ್ನೆ ವಾಚ್ ನೋಡುತ್ತಾ ನಿಂತಿದ್ದರು.

ಅದನ್ನು ನೆಟ್ಟಿದ್ದು ನಮ್ಮ ತಾತ, 80ರ ದಶಕದಲ್ಲಿ. ತಾತನನ್ನು ಬೈಯೋಕೆ ಮನಸ್ಸಾಗಲ್ಲ ಬಿಡಿ. ಸಾಮಾಜಿಕ ಅರಣ್ಯ ಅಂತ ವಿಶ್ವಬ್ಯಾಂಕ್ ದುಡ್ಡಲ್ಲಿ ಸರ್ಕಾರವೇ ಮುಂದೆ ನಿಂತು ಸಸಿ ಬೆಳೆಸಿದ ಕಾಲ ಅದು. ಕೋಲಾರದ ಕಡೆ ಎಷ್ಟೋ ರಾಗಿ ಹೊಲ ನೀಲಗಿರಿ ತೋಪಾದವು. ಕೂಲಿಯವರು ಬೇಡ, ಕಾವಲು ಬೇಡ, ದನ ಬಾಯಿ ಹಾಕಲ್ಲ, ಏಳೆಂಟು ವರ್ಷಕ್ಕೊಮ್ಮೆ ಕಡಿದರೆ ಕೈಗೆ ದುಡ್ಡು, ಕಡಿದ ಬೊಡ್ಡೆಯಲ್ಲೇ ಮತ್ತೆ ಚಿಗುರು. ಯಾರು ಬೇಡ ಅಂತಾರೆ? ಹಾಗಂತ ಬೇಡ ಅಂದವರೇ ಇರಲಿಲ್ಲ ಅಂತಲ್ಲ. 1983ರಲ್ಲೇ ತುಮಕೂರು ಜಿಲ್ಲೆಯ ರೈತರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು, ಅಲ್ಲೇ ಹುಣಸೆ, ಮಾವಿನ ಬೀಜ ಹಾಕಿದ್ದರು. ನೀಲಗಿರಿ ನೆಲದ ನೀರೆಲ್ಲಾ ಹೀರುತ್ತೆ, ಇನ್ನು ಮುಂದೆ ಯಾರೂ ನೆಡಬೇಡಿ ಅಂತ ರಾಜ್ಯ ಸರ್ಕಾರ ಆದೇಶ ಮಾಡಿದ್ದು 2017ರಲ್ಲಿ. ಅಷ್ಟು ಹೊತ್ತಿಗೆ ನಮ್ಮ ಬಾವಿ ಕಸದ ಗುಂಡಿಯಾಗಿತ್ತು, ಬೋರು 1,200 ಅಡಿ ದಾಟಿತ್ತು. ಎಲ್ಲಾ ನೀಲಗಿರಿ ಮೇಲೇ ಹಾಕೋಕಾಗಲ್ಲ. ಒಂದರ ಪಕ್ಕ ಒಂದು ಬೋರು ಕೊರೆಸಿದ್ದು ನಾವೇ, ಕೆರೆಯ ಹೂಳು ತೆಗೆಯದೆ ಬಿಟ್ಟಿದ್ದೂ ನಾವೇ.

ಮರದ ದುಡ್ಡು ತಾತ ಎಣಿಸಿದರು. ಜೇಸಿಬಿ ಬಾಡಿಗೆ ಅಪ್ಪ ಕೊಟ್ಟರು. ನೀರಿಲ್ಲದ ಹೊಲ ಮಾತ್ರ ಎಂಟನೇ ಕ್ಲಾಸಿನಲ್ಲಿರೋ ಅಣ್ಣನ ಮಗಳಿಗೆ. ಅವಳನ್ನು ಯಾರು ಕೇಳಿದ್ದರು?

ಕೇಳೋದು ಹೇಗೆ, ಆಗಿನ್ನೂ ಹುಟ್ಟೇ ಇರಲಿಲ್ಲವಲ್ಲ ಅಂತೀರಿ. ಸರಿ, ಈಗ ಹುಟ್ಟಿದ್ದಾಳಲ್ಲ! ಈಗಲಾದರೂ ಕೇಳುತ್ತೀವಾ? ಜೂನ್ 5 ಬಂದರೆ ಕೈಗೊಂದು ಸಸಿ ಕೊಟ್ಟು ಫೋಟೋ ತೆಗೀತೀವಿ, ಪರಿಸರದ ಬಗ್ಗೆ ಚಿತ್ರ ಬರೆಸ್ತೀವಿ, 'ನಾಳಿನ ಪ್ರಜೆಗಳೇ' ಅಂತ ಭಾಷಣ ಮಾಡ್ತೀವಿ. ಕೆರೆ ಪಕ್ಕ ಲೇಔಟ್ ಬರುವಾಗ ಮಾತ್ರ 'ನೀವು ಆಟ ಆಡ್ಕೊಳ್ಳಿ ಹೋಗಿ'.

ನಮ್ಮ ರಾಜ್ಯದಲ್ಲಿ ಮಕ್ಕಳ ಗ್ರಾಮಸಭೆ ಅಂತ ಒಂದಿದೆ, ಗೊತ್ತಲ್ವಾ? ವರ್ಷಕ್ಕೊಂದು ಸಲ ಪಂಚಾಯಿತಿಯವರು ಮಕ್ಕಳನ್ನು ಕೂರಿಸಿ ಅವರ ಮಾತು ಕೇಳಬೇಕು. ಹೋದ ವರ್ಷ ಅಣ್ಣನ ಮಗಳ ಜೊತೆ ನಾನೂ ಹೋಗಿದ್ದೆ. ಮೊದಲ ಮುಕ್ಕಾಲು ಗಂಟೆ ದೊಡ್ಡವರಿಗೆ ಹಾರ, ಶಾಲು. ಮಕ್ಕಳ ಕೈಗೆ ಮೈಕ್ ಬಂದಾಗ ಬಿಸಿಲು ಶಾಮಿಯಾನದ ಒಳಗೇ ಬಂದಿತ್ತು. ಶೌಚಾಲಯಕ್ಕೆ ಚಿಲಕ ಇಲ್ಲ, ಬಸ್ಸು ನಿಲ್ಲಿಸಲ್ಲ, ಕಾಂಪೌಂಡ್ ಬಿದ್ದಿದೆ. ಎಲ್ಲವೂ ನ್ಯಾಯವೇ. ಆಮೇಲೆ ಇವಳು ಎದ್ದಳು: "ನಮ್ಮ ಕೆರೆಗೆ ಬೆಂಗಳೂರಿನ ನೀರು ಬಿಡ್ತಾ ಇದೀರಲ್ಲ, ನಾನು ದೊಡ್ಡೋಳಾದಾಗ ನಮ್ಮ ಬೋರ್ ನೀರು ಕುಡೀಬಹುದಾ?"

ಕೆಸಿ ವ್ಯಾಲಿ, ಅಂದರೆ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆ ನೀರಿನ ವಿಷಯ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ. ಒಣಗಿದ್ದ ಕೆರೆ ತುಂಬಿದ್ದು ನಿಜ, ಬತ್ತಿದ ಬೋರಲ್ಲಿ ನೀರು ಬಂದಿದ್ದೂ ನಿಜ, ಅದನ್ನು ಅಲ್ಲಗಳೆಯೋ ಜನ ನಾನಲ್ಲ. ಆದರೆ ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಜಿಲ್ಲೆಯ ಜನ ಕೇಳುತ್ತಲೇ ಇದ್ದಾರೆ. ಅವರು ಹೋರಾಟ, ಕೋರ್ಟು ಅಂತ ಕೇಳಿದ್ದನ್ನೇ ಇವಳು ಒಂದು ವಾಕ್ಯದಲ್ಲಿ ಕೇಳಿದಳು.

ಉತ್ತರ ಏನು ಗೊತ್ತಾ? "ಒಳ್ಳೆ ಪ್ರಶ್ನೆ ಪುಟ್ಟಿ, ಬರ್ಕೊಂಡಿದೀವಿ." ಚಪ್ಪಾಳೆ. ಬಿಸ್ಕತ್ತು.

ಜಪಾನಿನಲ್ಲಿ ಯಾಹಾಬಾ ಅಂತ ಒಂದು ಸಣ್ಣ ಪಟ್ಟಣ. 2015ರಲ್ಲಿ ಅಲ್ಲಿನ ಜನರನ್ನು ಗುಂಪು ಮಾಡಿ, ಒಂದು ಗುಂಪಿಗೆ 'ನೀವು 2060ರಲ್ಲಿ ಬದುಕಿರೋ ಜನ, ಅಲ್ಲಿಂದ ಮಾತಾಡಿ' ಅಂದರು. ನಾಟಕದ ಥರ ಅವರಿಗೆ ಬೇರೆ ನಿಲುವಂಗಿ ಕೂಡ. ಈಗಿನವರಾಗಿ ಕೂತ ಗುಂಪು ಇವತ್ತಿನ ತಾಪತ್ರಯ ಹೇಳಿಕೊಂಡರೆ, 2060ರವರು ದೂರದ, ಕಷ್ಟದ ಕೆಲಸಗಳನ್ನೇ ಮುಂದಿಟ್ಟರು. ವೇಲ್ಸ್ ದೇಶದಲ್ಲಂತೂ 2015ರಲ್ಲಿ ಕಾನೂನೇ ಮಾಡಿ, ಮುಂದಿನ ತಲೆಮಾರಿನ ಪರವಾಗಿ ಮಾತಾಡೋಕೆ ಒಬ್ಬ ಕಮಿಷನರ್ ಇಟ್ಟಿದ್ದಾರೆ.

ನಮಗೆ ನಿಲುವಂಗಿ ಬೇಡ, ಕಮಿಷನರೂ ಬೇಡ. ಸಭೆ ಇದ್ದೇ ಇದೆ, ಮಕ್ಕಳೂ ಇದ್ದಾರೆ. ನಾನು ಕೇಳೋದು ಎರಡೇ. ಕೆರೆ, ಗೋಮಾಳ, ಕಸದ ಜಾಗ, ಕ್ವಾರಿ, ಇಂಥ ಮೂವತ್ತು ನಲವತ್ತು ವರ್ಷ ಉಳಿಯೋ ವಿಷಯ ಏನೇ ಇದ್ದರೂ ಅದು ಮೊದಲು ಮಕ್ಕಳ ಸಭೆಗೆ ಬರಲಿ. ಮತ್ತೆ, ಪ್ರತಿ ವರ್ಷದ ಸಭೆ ಶುರುವಾಗೋದು ಹೋದ ವರ್ಷದ ಪ್ರಶ್ನೆ, ಅದಕ್ಕೆ ಬರೆದ ಉತ್ತರ ಓದೋದರಿಂದ ಆಗಲಿ. 'ಆಗಲ್ಲ' ಅನ್ನೋದೇ ಉತ್ತರವಾದರೆ ಅದನ್ನೇ, ಯಾಕೆ ಆಗಲ್ಲ ಅಂತ ಬರೆದು ಓದಲಿ.

ಮಕ್ಕಳಿಗೇನು ಗೊತ್ತಾಗತ್ತೆ ಅಂತ ನನ್ನ ಸ್ನೇಹಿತರೊಬ್ಬರು ಕೇಳಿದರು. ನೀಲಗಿರಿ ನೆಟ್ಟಾಗ ದೊಡ್ಡವರಿಗೆ ಏನು ಗೊತ್ತಿತ್ತು ಸ್ವಾಮಿ? ಹಾಗಂತ ಎಲ್ಲಾ ಹೊರೆ ಮಕ್ಕಳ ತಲೆಗೆ ಕಟ್ಟಿ 'ನೀವೇ ಉಳಿಸಬೇಕು' ಅನ್ನೋದೂ ನನಗೆ ಹಿಡಿಸಲ್ಲ. ಕೆಲಸ ನಾವೇ ಮಾಡೋಣ. ಆದರೆ ಮಾಡೋ ಮುಂಚೆ ಅವರಿಗೆ ಲೆಕ್ಕ ಒಪ್ಪಿಸೋಣ.

ಈ ಸಲದ ಸಭೆ ಹತ್ತಿರ ಬಂತು. ಹೋದ ವರ್ಷದ ಪ್ರಶ್ನೆಯನ್ನು ಅವಳು ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ತಾರೀಖು ಹಾಕಿ ಬರೆದಿಟ್ಟಿದ್ದಾಳೆ. ನಿನ್ನೆ ಫೋನ್ ಮಾಡಿ, "ಚಿಕ್ಕಪ್ಪ, ಅವರು ಬರ್ಕೊಂಡಿದ್ದು ಎಲ್ಲಿದೆ ಅಂತ ತೋರಿಸಿ ಅಂತ ಕೇಳಬಹುದಾ?" ಅಂದಳು. ಕೇಳು ಅಂದೆ. ಆಫೀಸಿಗೆ ಒಂದು ದಿನ ರಜೆ ಹಾಕಿದ್ದೀನಿ.