ನೀರು ಉಳಿಸೋದು ಕಲಿಸಿದ್ದಾಯಿತು, ಹಂಚಿಕೊಳ್ಳೋದು ಯಾವಾಗ?

ನೀರು ಉಳಿಸಿ ಅಂತ ಮಕ್ಕಳಿಗೆ ಹೇಳಿಕೊಡುವುದರಲ್ಲಿ ನಾವೇನೂ ಹಿಂದೆ ಬಿದ್ದಿಲ್ಲ. ಬಕೆಟ್ ತುಂಬಿ ಹರಿದರೆ ಯುಕೆಜಿ ಮಗು ಕೂಡ ಅಪ್ಪನನ್ನು ಗದರುತ್ತೆ. ಆದರೆ ಎಲ್ಲರಿಗೂ ಸಾಲುವಷ್ಟು ನೀರಿಲ್ಲದಾಗ ಯಾರಿಗೆ ಎಷ್ಟು? ಅದನ್ನು ತೀರ್ಮಾನಿಸುವವರು ಯಾರು? ಈ ಪ್ರಶ್ನೆಯನ್ನು ಮಕ್ಕಳ ಮುಂದೆ ಇಡುವುದೇ ಇಲ್ಲ.

2024ರ ಬೇಸಿಗೆಯಲ್ಲಿ ಬೆಂಗಳೂರಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಆದೇಶ ಬಂತು. ಸರಿಯೇ. ಆದರೆ ದುಡ್ಡಿದ್ದವರು ಟ್ಯಾಂಕರ್ ತರಿಸಿದರು, ಇಲ್ಲದವರು ಬಿಂದಿಗೆ ಹಿಡಿದು ಕ್ಯೂ ನಿಂತರು. ಮಕ್ಕಳು ಅದನ್ನೂ ನೋಡಿದರು.

ಮನೆಯಲ್ಲೇ ಒಂದು ಆಟ ಆಡಿಸಿ. ನಾಲ್ಕು ಮಕ್ಕಳ ನಡುವೆ ತಟ್ಟೆಯಲ್ಲಿ 20 ಹುಣಸೆಬೀಜ ಇಡಿ. ತಟ್ಟೆ ಕೆರೆ, ಬೀಜ ಮೀನು. ಪ್ರತಿ ಸುತ್ತಲ್ಲೂ ಯಾರು ಎಷ್ಟು ಬೇಕಾದರೂ ಎತ್ತಿಕೊಳ್ಳಬಹುದು. ಉಳಿದದ್ದನ್ನು ನೀವು ದುಪ್ಪಟ್ಟು ಮಾಡಿ, 20 ಮಾತ್ರ ದಾಟಬಾರದು. ಮಾತಾಡಬಾರದು ಅಂದರೆ ಸಾಮಾನ್ಯವಾಗಿ ಮೊದಲ ಸುತ್ತಿಗೇ ಕೆರೆ ಖಾಲಿ. ಆಮೇಲೆ ಮಾತಾಡಲು ಬಿಡಿ. 'ನೀನೇ ಜಾಸ್ತಿ ತಗೊಂಡೆ' ಅಂತ ಜಗಳ ಆಗುತ್ತೆ. ಆಗಲಿ, ಮಧ್ಯೆ ಹೋಗಬೇಡಿ (ಅಜ್ಜಿಯರಿಗೆ ಇದು ಕಷ್ಟ). ಸುತ್ತಿಗೆ 10 ಉಳಿಸಿದರೆ ಆಟ ಮುಗಿಯೋದೇ ಇಲ್ಲ ಅಂತ ಒಬ್ಬರಾದರೂ ಕಂಡುಹಿಡಿಯುತ್ತಾರೆ. ತಲೆನೋವು ಶುರುವಾಗೋದು ಆಗಲೇ. ಮಿಕ್ಕ 10ನ್ನು ನಾಲ್ವರು ಹಂಚಿಕೊಳ್ಳೋದು ಹೇಗೆ?

2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ವರ್ಷಗಟ್ಟಲೆ ನೋಡಿದ್ದು ಇದನ್ನೇ. ಬಳಸುವವರೇ ಕೂತು ಮಾತಾಡಿ, ನಿಯಮ ಮಾಡಿಕೊಂಡು, ಅದನ್ನು ಕಾಯ್ದರೆ ಕಾಡು, ಮೀನು, ನೀರು ಉಳಿಯಬಲ್ಲವು ಅಂತ ಅವರು ತೋರಿಸಿದರು.

ಕೋಲಾರದ ಕಡೆ ಕೆರೆಗಳಿಗೆ ನೀರುಗಂಟಿ ಇರುತ್ತಿದ್ದ. ತೂಬು ಎತ್ತಿ, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ಅವನ ಕೆಲಸ. ಕೂಲಿ ಕಾಳಿನ ರೂಪದಲ್ಲಿ. ಮಕ್ಕಳಿಗೆ ಇವನ ಬಗ್ಗೆ ಖಂಡಿತ ಹೇಳಿ. ಹಿಂದಿನ ಕಾಲ ಎಷ್ಟು ಚೆನ್ನಾಗಿತ್ತು ಅಂತ ಮಾತ್ರ ಸುಮ್ನೆ ರಾಗ ಎಳೆಯಬೇಡಿ. ಎಷ್ಟೋ ಊರುಗಳಲ್ಲಿ ನೀರುಗಂಟಿ ದಲಿತ. ಊರಿನ ಗದ್ದೆಗೆಲ್ಲ ನೀರು ಬಿಡುವವನು ಊರ ಬಾವಿಯಲ್ಲಿ ನೀರು ಸೇದುವಂತಿರಲಿಲ್ಲ.

ಮಾರ್ಚ್ 22 ವಿಶ್ವ ಜಲ ದಿನ. ಶಾಲೆಗಳಲ್ಲಿ ಅವತ್ತು ಪೋಸ್ಟರ್ ಮಾಡಿಸುತ್ತಾರೆ. ಅದಕ್ಕೆ ಎರಡು ದಿನ ಮುಂಚಿನ ತಾರೀಖನ್ನೂ ಹೇಳಿಕೊಡಬೇಕು ಅಂತ ನನ್ನ ವಾದ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ದಲಿತರ ಜೊತೆ, ಅವರು ಮುಟ್ಟುವಂತಿರದಿದ್ದ ಮಹಾರಾಷ್ಟ್ರದ ಮಹಾಡದ ಚವದಾರ್ ಕೆರೆಗೆ ಹೋಗಿ ನೀರು ಕುಡಿದರು. ಆ ಕೆರೆ ಎಲ್ಲರಿಗೂ ಸೇರಿದ್ದು ಅಂತ ಪುರಸಭೆ ಅದಕ್ಕೂ ಮೊದಲೇ ನಿರ್ಣಯ ಮಾಡಿತ್ತು. ಆದರೂ ಅವತ್ತು ಅವರ ಕಡೆಯವರು ಹೊಡೆತ ತಿಂದರು. ಆಮೇಲೆ ಕೆರೆಗೆ 'ಶುದ್ಧಿ' ಬೇರೆ ಆಯಿತು.

ಐದನೇ ಕ್ಲಾಸಿನವರಿಗೆ ಇದೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ಅಂಬೇಡ್ಕರ್ ಓದಿದ ಶಾಲೆಯಲ್ಲಿ ಅವರು ನಲ್ಲಿ ಮುಟ್ಟುವಂತಿರಲಿಲ್ಲ. ಜವಾನ ಬಂದು ತಿರುಗಿಸಿದರೆ ನೀರು, ಅವನು ಬರದಿದ್ದರೆ ಬಾಯಾರಿಕೆ. ಆಗ ಅವರಿಗೂ ಹೆಚ್ಚುಕಮ್ಮಿ ಇದೇ ವಯಸ್ಸು.