ಗಂಟೆಯ ಹಗ್ಗ ಕೊಡಲಿಕ್ಕೆ ಎಂತ ಕಷ್ಟ ಮಾರ್ರೆ?

ಚರ್ಚಿನಲ್ಲಿ ಆರಾಧನೆ ಮುಗಿಸಿ ಬಂದವನು ಗಂಜಿ ಸಹ ಉಣ್ಣದೆ ಫೋನು ಹಿಡಿದು ಕೂತಿದ್ದೇನೆ. ಬದಿಯಡ್ಕದ ಬಸ್ಸಿನಲ್ಲಿ ಪಕ್ಕದವರಿಗೆ ಅರ್ಧ ಹೇಳಿ ಆಯ್ತು, ಉಳಿದದ್ದು ನಿಮಗೆ.

ನಮ್ಮಲ್ಲಿ ಗಂಟೆ ಹೊಡೆಯುತ್ತಿದ್ದ ಅಣ್ಣನ ಕಥೆ ಹಿಂದೊಮ್ಮೆ ಹೇಳಿದ್ದೆ. ಕುಡಿತಕ್ಕೆ ಬಿದ್ದ, ಕ್ರಿಸ್ಮಸ್ ಬೆಳಿಗ್ಗೆ ಹಗ್ಗ ಹಿಡಿದುಕೊಂಡೇ ಕುಸಿದ, ಆಮೇಲೆ ಎರಡು ವರ್ಷ ಇತ್ತ ತಲೆ ಹಾಕಲಿಲ್ಲ. ಈಗ ಕುಡಿತ ಬಿಟ್ಟು ಎಂಟು ತಿಂಗಳು. ಮೊನ್ನೆ ಎಲ್ಲರೆದುರು ನಿಂತು ಅತ್ತು ತಪ್ಪೊಪ್ಪಿಕೊಂಡ, ನಾವು ಗಟ್ಟಿಯಾಗಿ 'ಆಮೆನ್' ಅಂದೆವು. ಆದರೆ ಹಗ್ಗ? ಅದು ಈಗಲೂ ಒಬ್ಬ ಪೋರನ ಕೈಯಲ್ಲಿ. ಅವನು ಹೊಡೆಯುವ ಗಂಟೆ ಕೇಳಿದರೆ ಐಸ್‌ಕ್ಯಾಂಡಿಯವ ಬಂದ ಅಂತ ಮಕ್ಕಳು ಓಡಿ ಬರಬೇಕು! ಅಣ್ಣ ಕಡೇ ಬೆಂಚಿನಲ್ಲಿ ಕೂತು ಒಂದೊಂದು ತಪ್ಪು ಹೊಡೆತಕ್ಕೂ ಕೈಬೆರಳು ಮಡಚುತ್ತಿದ್ದ.

ಇವತ್ತಿನ ಪ್ರಸಂಗ ಯಾವುದು ಗೊತ್ತುಂಟಾ? ತಪ್ಪಿಹೋದ ಮಗ. ಆಸ್ತಿ ಹಾಳು ಮಾಡಿ ವಾಪಸ್ ಬಂದ ಮಗನನ್ನು ಅಪ್ಪ ಓಡಿ ಹೋಗಿ ಅಪ್ಪಿಕೊಂಡ ಅಂತ ಯೇಸು ಹೇಳಿದ ಕಥೆ. ನಗಬೇಕಾ ಅಳಬೇಕಾ?

ಯೇಸುವಿನ ಶಿಷ್ಯ ಪೇತ್ರನನ್ನೇ ನೋಡಿ. ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಇದ್ದಲ ಬೆಂಕಿ ಕಾಯಿಸಿಕೊಳ್ಳುತ್ತಾ ಮೂರು ಸಲ 'ನಾನು ಅವನ ಶಿಷ್ಯನಲ್ಲ' ಅಂದವನು. ಬೈಬಲ್ಲಿನ ಯೋಹಾನನ ಸುವಾರ್ತೆಯ 21ನೇ ಅಧ್ಯಾಯದಲ್ಲಿ ಪುನಃ ಇದ್ದಲ ಬೆಂಕಿ, ಈ ಸಲ ಸಮುದ್ರದ ದಡದಲ್ಲಿ. ಮೇಲೆ ಮೀನು ಬೇಯ್ತಾ ಉಂಟು, ಬಲೆಯಲ್ಲಿ 153 ದೊಡ್ಡ ಮೀನು. ಊಟ ಆದ ಮೇಲೆ ಯೇಸು ಮೂರು ಸಲ ಕೇಳಿದ್ದು ಒಂದೇ, 'ನನ್ನನ್ನು ಪ್ರೀತಿಸುತ್ತೀಯಾ?' ಪ್ರತಿ ಸಲವೂ ಕೂಡಲೇ ಕೆಲಸ: ನನ್ನ ಕುರಿಗಳನ್ನು ಮೇಯಿಸು, ಅಂದರೆ ನನ್ನ ಜನರನ್ನು ನೋಡಿಕೋ. 'ಆಯ್ತು ಪೇತ್ರ, ಕ್ಷಮಿಸಿದ್ದೇನೆ, ಎರಡು ವರ್ಷ ಹಿಂದಿನ ಬೆಂಚಿನಲ್ಲಿರು, ಕಮಿಟಿ ನೋಡ್ತದೆ' ಅನ್ನಲಿಲ್ಲ.

ಹಿರಿಯರೊಬ್ಬರು ಹೊರಗೆ ಚಪ್ಪಲಿ ಹಾಕುತ್ತಾ ಹೇಳಿದರು, "ಪಶ್ಚಾತ್ತಾಪ ನಿಜವಾ ಅಂತ ಸ್ವಲ್ಪ ಕಾದು ನೋಡುವಾ." ಕಾಣಿಕೆ ಪೆಟ್ಟಿಗೆಯ ಬೀಗದ ಕೈಯಾದರೆ ಕಾಯಿರಿ, ಒಪ್ಪುತ್ತೇನೆ. ಇದು ಹಗ್ಗ ಮಾರ್ರೆ! ಕದ್ದುಕೊಂಡು ಹೋಗಿ ದನ ಕಟ್ಟುತ್ತಾನಾ? ಶಿಕ್ಷೆ ಸಾಕು, ಕ್ಷಮಿಸಿ ಸಂತೈಸಿ, ಇಲ್ಲದಿದ್ದರೆ ತಪ್ಪು ಮಾಡಿದವನು ದುಃಖದಲ್ಲಿ ಮುಳುಗಿಯಾನು ಅಂತ ಅಪೊಸ್ತಲ ಪೌಲ ಕೊರಿಂಥದ ಸಭೆಯವರಿಗೆ ಬರೆದದ್ದು ನಮ್ಮಂಥ ಪರೀಕ್ಷಾ ಮಂಡಳಿಗಳಿಗೇ ಇರಬೇಕು.

ಬೀಗದ ಕೈ ಅಂದೆನಲ್ಲ, ಅದು ಈಗ ಇರುವುದು ನನ್ನ ಹತ್ತಿರ. ಆದಿತ್ಯವಾರ ಕಾಣಿಕೆ ಲೆಕ್ಕ ಮಾಡುವವನು ನಾನೇ. ನಾಲ್ಕು ವರ್ಷದ ಹಿಂದೆ ಬಸ್‌ಸ್ಟ್ಯಾಂಡಿನ ಲಾಟರಿ ಟಿಕೆಟ್ಟಿನ ಹುಚ್ಚಿಗೆ ಮನೆಯವಳ ಬಳೆ ಅಡವಿಟ್ಟವನೂ ನಾನೇ. ಬಿಡಿಸಿ ತಂದೆ, ಬಿಟ್ಟೂ ಬಿಟ್ಟೆ, ಆದರೆ ಯಾರೆದುರೂ ಅಳಲಿಲ್ಲ. ಅವನದ್ದು ಬಾಟ್ಲಿ, ವಾಸನೆ ಬರ್ತದೆ. ನನ್ನದು ಕಾಗದ, ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿಟ್ಟರೆ ಮುಗೀತು. ಹಾಗಾಗಿ ನನ್ನ ಬೆಂಚು ಮುಂದಿನಿಂದ ಎರಡನೆಯದ್ದು. (ಇದನ್ನು ಓದಿ ಮನೆಯವಳು ಬಳೆಯ ವಿಚಾರ ಎತ್ತಿದರೆ ಇವತ್ತು ರಾತ್ರಿಯೂ ಗಂಜಿ ಇಲ್ಲ.)

ಇನ್ನೂ ಒಂದುಂಟು. ಅಣ್ಣ ಒಳಗೆ ಬಂದಾಗ ನನ್ನ ಪಕ್ಕ ಜಾಗ ಇತ್ತು. ನಾನು ಸಂಗೀತ ಪುಸ್ತಕದ ಪುಟ ಹುಡುಕುತ್ತಾ ಕೂತೆ.

ಎಲ್ಲ ಹೋದ ಮೇಲೆ ಲೆಕ್ಕ ಮುಗಿಸಿ ಹೊರಗೆ ಬಂದರೆ ಅವನೊಬ್ಬನೇ ಗಂಟೆಯ ಕೆಳಗೆ ನಿಂತಿದ್ದ. ಹಗ್ಗದ ತುದಿ ಬಿಚ್ಚಿ ಎಳೆ ಎಳೆಯಾಗಿತ್ತು. ಅದನ್ನು ಹೊಸೆದು ಬಿಗಿಯಾಗಿ ಗಂಟು ಹಾಕಿದ. ಒಮ್ಮೆಯೂ ಎಳೆಯಲಿಲ್ಲ. ನನ್ನನ್ನು ನೋಡಿ, "ಹುಡುಗನ ಕೈಗೆ ಎಟಕುವ ಹಾಗೆ ಸ್ವಲ್ಪ ಉದ್ದ ಬಿಟ್ಟಿದ್ದೇನೆ" ಅಂದ.